ಪಾಸಾದ ಅಪ್ಪ

ಬಸ್ಸು ತುಂಗೆಯ ಸೇತುವೆ ದಾಟುವಾಗ ಜಗದಾಂಬಾಳಿಗೆ ತಾನು ಅಪ್ಪನನ್ನು ಕೊಂದು ಬಂದವಳು ಅನ್ನಿಸಿತು. ಕೊಂದದ್ದು ಇವತ್ತಲ್ಲ, ಜನವರಿಯಲ್ಲಿ. ಗೊತ್ತಾದದ್ದು ಮಾತ್ರ ಇವತ್ತು ಬೆಳಿಗ್ಗೆ, ಸವಳಂಗ ರಸ್ತೆಯ ಕಾಲೇಜಿನಲ್ಲಿ, ಮೆಕ್ಯಾನಿಕಲ್ ವಿಭಾಗದ ವರಾಂಡದಲ್ಲಿ ಯಜ್ಞನಾರಾಯಣ ಸರ್ ಅವಳನ್ನು ಪಕ್ಕಕ್ಕೆ ಕರೆದು, ಕನ್ನಡಕ ತೆಗೆದು ಪಂಚೆಯಂಚಿನಿಂದ ಒರೆಸುವವರಂತೆ ಅಂಗಿಯ ತುದಿಯಿಂದ ಒರೆಸುತ್ತ, "ನಿನ್ನ ತಂದೆ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲವಲ್ಲಮ್ಮ" ಎಂದಾಗ. ಹೋಗಿದ್ದು ಎಲ್ಲಿಗೆ ಎಂದು ಅವಳಿಗೆ ಹೊಳೆಯಲಿಲ್ಲ. ಬೆಳಿಗ್ಗೆ ಅವಳು ಮನೆ ಬಿಡುವಾಗ ಅಪ್ಪ ಹಿತ್ತಲ ಗೋಡೆಗೆ ಕನ್ನಡಿ ನೇತುಹಾಕಿಕೊಂಡು, ಕೆನ್ನೆಗೆ ಸೋಪು ಬಳಿದುಕೊಂಡು, ಬಾಯಿ ಸೊಟ್ಟ ಮಾಡಿ ಗಡ್ಡ ಹೆರೆದುಕೊಳ್ಳುತ್ತಿದ್ದ. ರಜ ಹಾಕಿದ್ದ. ವಿಲಾಯತಿ ಮೇಡಂ ಮನೆಗೆ ಬರುತ್ತಾರಲ್ಲ, ಅದಕ್ಕೆ.

"ಮೋರಾಗ್ ಮೇಡಂ ಕಾಫಿ ಕುಡೀತಾ ಹೇಳಿದ್ರು," ಎಂದರು ಸರ್. "ಅವರ ತಂದೇನೂ ಅವರು ಓದ್ತಿದ್ದಾಗಲೇ ಹೋದ್ರಂತೆ. ಹಡಗು ಕಟ್ಟೋ ಕಡೆ ಕೆಲಸ. ಅದಕ್ಕೇ ನಿನ್ನ ಮೇಲೆ ಅಷ್ಟು ಅಭಿಮಾನ. ಕೊನೇಗೆ ನೀನು, ಅಮೂಲ್ಯಾ ಇಬ್ಬರೂ ಸಮ ಸಮ ಇದ್ರಂತೆ. ತಂದೆ ಇಲ್ಲದೆ ಇಲ್ಲೀವರೆಗೆ ಬಂದ ಹುಡುಗಿ ಅನ್ನೋದು ನಿನ್ನ ಕಡೆ ತೂಗಿತಂತೆ."

ಇಲ್ಲ ಸರ್, ಅಪ್ಪ ಇದಾರೆ. ಅಷ್ಟು ಹೇಳಿದ್ದರೆ ಆಗಿತ್ತು. ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು ಕೂಡ. ಆದರೆ ಅಮೂಲ್ಯಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ಜಗದಾಂಬಾ ಆ ಮಾತನ್ನು ನುಂಗಿ ಅತ್ತ ನೋಡಿದಳು. ಅಮೂಲ್ಯಾ ಅಷ್ಟು ದೂರದಲ್ಲಿ, ಲ್ಯಾಬಿನ ಬಾಗಿಲಲ್ಲಿ ನಿಂತು ಯಾರ ಜೊತೆಯೋ ನಗುತ್ತಿದ್ದಳು. ಆಯ್ಕೆಯ ಫಲಿತಾಂಶ ಬಂದ ದಿನ ಎಲ್ಲರಿಗಿಂತ ಮೊದಲು ಬಂದು ಕೈಕುಲುಕಿದವಳು ಅವಳೇ. ಜಗದಾಂಬಾ ತಲೆ ತಗ್ಗಿಸಿದಳು. ಅವಳು ಮಾಡಿದ್ದು ಅಷ್ಟೇ. ತಲೆ ತಗ್ಗಿಸಿದ್ದನ್ನು ಸರ್ ದುಃಖವೆಂದುಕೊಂಡರು. "ಇರಲಿ ಬಿಡು," ಎಂದರು ಮೆತ್ತಗೆ. "ಊಟ ಆದ ಮೇಲೆ ಕಾರಲ್ಲಿ ಭದ್ರಾವತಿಗೆ ಕರ್ಕೊಂಡು ಬರ್ತೀನಿ. ನಿನ್ನ ತಾಯೀನ ನೋಡಲೇಬೇಕು ಅಂತಿದಾರೆ ಮೇಡಂ. ನೀನು ಮುಂಚೆ ಹೋಗಿರು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಮಾರ್ಚ್ ತಿಂಗಳ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ಜನವರಿಯ ಆ ಮಧ್ಯಾಹ್ನವನ್ನು ಅವಳು ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದಳು. ಪ್ರಿನ್ಸಿಪಾಲರ ಕೋಣೆ, ಗಾಜು ಹಾಸಿದ ಮೇಜು, ಆ ಗಾಜಿನ ಕೆಳಗೆ ಒಂದು ದೇವರ ಪಟ, ಅದರ ಮೇಲೆ ಕಪ್ಪು ಟೆಲಿಫೋನು. ಗ್ಲಾಸ್ಗೋ ಎಂಬ ಊರಿನಿಂದ ಫೋನು ಬರುತ್ತದೆ, ಸಂದರ್ಶನ ಅದರಲ್ಲೇ, ಎಂದಿದ್ದರು. ಇಂಜಿನಿಯರಿಂಗ್ ಓದುವ ಆರು ಹುಡುಗಿಯರನ್ನು ಇಡೀ ದೇಶದಿಂದ ಆರಿಸಿ, ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿನ ಪ್ರಯೋಗಾಲಯದಲ್ಲಿ ಇಟ್ಟುಕೊಂಡು, ಆಮೇಲೆ ಒಂದು ವರ್ಷ ಒಬ್ಬ ವಿಜ್ಞಾನಿ ಕೈಹಿಡಿದು ನಡೆಸುವಂತೆ ಮಾರ್ಗದರ್ಶನ ಮಾಡುವ ಕಾರ್ಯಕ್ರಮ. ಕೈಹಿಡಿದು ಎಂದು ಸರ್ ಹೇಳಿದಾಗ ಅವಳಿಗೆ ನಿಜವಾಗಿಯೂ ಒಂದು ಕೈ ಕಂಡಿತ್ತು, ಬಿಳಿಯದು, ಉಗುರಿಲ್ಲದ್ದು. ಫೋನಿನಲ್ಲಿ ಮಾತ್ರ ಕೈಯಿರಲಿಲ್ಲ, ಬರೀ ಸದ್ದಿತ್ತು. ಅವಳು ಆಡಿದ ಪ್ರತಿ ಮಾತೂ ಒಂದು ಗಳಿಗೆ ತಡೆದು ಅವಳ ಕಿವಿಗೇ ವಾಪಸು ಬರುತ್ತಿತ್ತು. ತನ್ನ ದನಿ ಅಷ್ಟು ತೆಳ್ಳಗೆ, ಅಷ್ಟು ಹೆದರಿಕೊಂಡದ್ದು ಎಂದು ಅವತ್ತೇ ಅವಳಿಗೆ ಗೊತ್ತಾದದ್ದು. ಎರಕದ ಪ್ರಶ್ನೆ ಕೇಳಿದರು, ಉತ್ತರ ಹೇಳಿದಳು. ಕಬ್ಬಿಣಕ್ಕೆ ವಾಸನೆಯಿದೆ ಎಂದು ಬರೆದಿದ್ದೀಯಲ್ಲ, ಯಾರು ಹೇಳಿಕೊಟ್ಟರು ಎಂದು ಕೇಳಿದರು, ನಮ್ಮ ತಂದೆ ಎಂದಳು. ಅರ್ಜಿಯ ಜೊತೆ ಕಳಿಸಿದ ಪ್ರಬಂಧದಲ್ಲಿ ಅಪ್ಪ ದೊಡ್ಡ ಕಾರ್ಖಾನೆಯಲ್ಲಿ ಅಚ್ಚು ಕಟ್ಟುವ ಮೌಲ್ಡರ್ ಆಗಿದ್ದರು ಎಂದು ಬರೆದಿದ್ದಳು. ಆಗಿದ್ದರು ಎನ್ನುವುದು ನಿಜವೇ. ಅದನ್ನು ಬಿಟ್ಟು ಈಗ ಊರಾಚೆಯ ಸಣ್ಣ ಫೌಂಡ್ರಿಯಲ್ಲಿ ಅದೇ ಕೆಲಸ ಮಾಡುತ್ತಿದ್ದ. ಆಗ ಆ ಹೆಂಗಸಿನ ದನಿ, ಎಲ್ಲೋ ಸಮುದ್ರದ ತಳದಿಂದ ಬಂದಂತೆ, ನಿನ್ನ ತಂದೆ ಪಾಸ್ಡ್ ಎಂದೇನೋ ಕೇಳಿತು. ಪಾಸ್ಡ್ ಅವೇ, ತೀರಿಕೊಂಡರೇ, ಎಂಬುದರ ಕೊನೆಯ ತುಣುಕನ್ನು ತಂತಿ ನುಂಗಿಕೊಂಡಿತ್ತು.

ಪಾಸ್ಡ್. ಅವಳ ಕಿವಿ ಬಿಸಿಯಾಯಿತು. ಅಪ್ಪ ಎಸ್ಸೆಸ್ಸೆಲ್ಸಿ ಫೇಲು. ಎರಡು ಸಲ ಕಟ್ಟಿ ಎರಡು ಸಲವೂ ಇಂಗ್ಲಿಷಿನಲ್ಲೇ ಹೋಗಿತ್ತು. ಹಳೇನಗರದ ಅವರ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ, ಅಪ್ಪನೇ ನಗುತ್ತ ಹೇಳಿಕೊಳ್ಳುತ್ತಿದ್ದ ಸಂಗತಿ ಅದು. ಇವರಿಗೆ ಅದು ಹೇಗೆ ಗೊತ್ತಾಯಿತು, ಅಷ್ಟು ದೂರದಲ್ಲಿ ಕೂತು ಇದನ್ನೂ ಕೇಳುತ್ತಾರೆಯೇ ಎಂದು ದಿಗಿಲಾಗಿ, ಪ್ರಿನ್ಸಿಪಾಲರೂ ಸರ್ ಅವರೂ ತನ್ನ ಬಾಯನ್ನೇ ನೋಡುತ್ತಿರುವುದು ಕಂಡು, ಅವಳು "ಯೆಸ್ ಮೇಡಂ, ಪಾಸ್ಡ್" ಎಂದುಬಿಟ್ಟಳು. ಯಾವಾಗ ಎಂದರು. "ಲಾಂಗ್ ಬ್ಯಾಕ್," ಎಂದಳು. ಅತ್ತಲಿಂದ ಸಾರಿ ಎಂದು ಕೇಳಿಸಿತು. ತಂತಿ ಸರಿಯಿಲ್ಲದ್ದಕ್ಕೆ ಅವರು ಆಗಿನಿಂದ ಸಾರಿ ಸಾರಿ ಅನ್ನುತ್ತಲೇ ಇದ್ದರು. ಇದೂ ಅದೇ ಎಂದುಕೊಂಡಳು. ಅವಳ ಕಿವಿಗೆ ಅವಳದೇ ದನಿ ವಾಪಸು ಬಂದು, ಪಾಸ್ಡ್, ಎಂದಿತು.

ನಿದಿಗೆ ದಾಟಿತು. ಹಿಂದಿನ ಸೀಟಿನಲ್ಲಿ ಯಾರೋ ತಮಿಳಿನಲ್ಲಿ ಗಟ್ಟಿಯಾಗಿ ಜಗಳವಾಡುತ್ತಿದ್ದರು. ಒಂದು ಸುಳ್ಳಿಗೆ ಇಷ್ಟು ಶಕ್ತಿಯಿರುತ್ತದೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು. ಅಪ್ಪನ ಮರ್ಯಾದೆ ಉಳಿಸಲು ಹೇಳಿದ್ದು. ಅಲ್ಲ, ಅಪ್ಪನದಲ್ಲ, ತನ್ನದು. ಆ ಮಾತು ಸಮುದ್ರದಾಚೆ ಹೋಗಿ ಅಪ್ಪನ ಸಾವಾಗಿ, ಎರಡು ತಿಂಗಳು ಯಾರೂ ಕಾಣದಂತೆ ಬೆಳೆದು, ಈಗ ಕಾರಿನಲ್ಲಿ ಕೂತು ಮನೆಗೆ ಬರುತ್ತಿದೆ. ಎರಡು ತಿಂಗಳು ಅವಳು ಅಪ್ಪನ ಎದುರು ಕೂತು ಉಂಡಿದ್ದಾಳೆ. ಸತ್ತವನಿಗೆ ಅಮ್ಮ ರೊಟ್ಟಿ ಬಡಿಸಿದ್ದಾಳೆ. ಛೀ ಎಂದುಕೊಂಡಳು. ಆದರೆ ಆ ಯೋಚನೆ ಒಮ್ಮೆ ಬಂದ ಮೇಲೆ ಹೋಗಲು ಒಪ್ಪಲಿಲ್ಲ. ಹಸಿ ಮರಳಿನ ಅಚ್ಚಿನಲ್ಲಿ ನೀರು ಸ್ವಲ್ಪ ಹೆಚ್ಚಾಗಿದ್ದರೂ ಕಾಯ್ದ ಕಬ್ಬಿಣ ಹುಯ್ದಾಗ ಆವಿ ಕಟ್ಟಿ ಮೇಲಕ್ಕೆ ಎಗರುತ್ತದೆ ಎಂದು ಅಪ್ಪ ಹೇಳಿದ್ದ. ಅದು ಯಾಕೆ, ಎಷ್ಟು ಜೋರಿನಲ್ಲಿ ಎಂದು ಅವಳು ಕಾಲೇಜಿನಲ್ಲಿ ಲೆಕ್ಕ ಹಾಕಿ ಕಲಿತಿದ್ದಳು. ಅಪ್ಪನ ಎಡಗೈಯ ಮೇಲೆ ಅಂಥ ಒಂದು ಎಗರಿದ ಹನಿಯ ಕಲೆಯಿತ್ತು. ನಾಲಿಗೆಯ ಮೇಲೆ ಶನಿ ಇರುತ್ತಾನೆ, ಕೆಟ್ಟ ಮಾತಾಡಬೇಡ, ತಥಾಸ್ತು ಅನ್ನುವ ದೇವತೆಗಳು ಮನೆ ಸುತ್ತ ತಿರುಗುತ್ತಿರುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಆ ಅಜ್ಜಿಯ ಹೆಸರನ್ನೇ ಇವಳಿಗೆ ಇಟ್ಟದ್ದು. ಹೆತ್ತ ತಾಯಿಯ ಹೆಸರು ಹಿಡಿದು ಕರೆಯಬಾರದೆಂದು ಅಪ್ಪ ಮಗಳನ್ನು ಒಂದು ದಿನವೂ ಜಗದಾಂಬಾ ಎಂದವನಲ್ಲ. ಅವ್ವಾ ಎಂದೇ ಕರೆಯುತ್ತಿದ್ದ.

ಮನೆಯ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿತ್ತು. ಒಳಗೆ ಪಕ್ಕದ ಕಾಶಮ್ಮನ ಮನೆಯಿಂದ ತಂದ ಎರಡು ಪ್ಲಾಸ್ಟಿಕ್ ಕುರ್ಚಿ. ಅಪ್ಪ ದೀಪಾವಳಿಯಲ್ಲಿ ಹೊಲಿಸಿದ ತಿಳಿನೀಲಿ ಅಂಗಿ ತೊಟ್ಟು, ತಲೆಗೆ ನೀರು ಒತ್ತಿ ಬಾಚಿಕೊಂಡು, ವಿಭೂತಿ ಧರಿಸಿ, ಒಂದು ಕುರ್ಚಿಯ ಕಾಲು ಅಲ್ಲಾಡದ ಹಾಗೆ ಅದರಡಿಗೆ ರಟ್ಟು ಮಡಿಸಿ ಇಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತು, "ವೆಲ್ಕಂ ಮೇಡಂ ಅಂದ್ರೆ ಸಾಕಾ ಅವ್ವಾ, ಸಿಟ್ ಪ್ಲೀಸ್ ಅಂತಾನೂ ಅನ್ಬೇಕಾ?" ಎಂದ.

ಬಸ್ಸಿನಲ್ಲಿ ಬರುತ್ತ ಅವಳು ಏನೇನೋ ಜೋಡಿಸಿಕೊಂಡಿದ್ದಳು. ಎಲ್ಲ ಬಿಟ್ಟುಹೋಗಿ ಒಂದೇ ಒಂದು ಮಾತು ಹೊರಗೆ ಬಂತು. "ಅಪ್ಪ, ನೀನು ಕೆಲಸಕ್ಕೆ ಹೋಗು."

"ಯಾಕವ್ವಾ? ರಜ ಹಾಕಿದೀನಲ್ಲ."

"ಇದು ಹೆಂಗಸರ ಪ್ರೋಗ್ರಾಂ. ಮನೇಲಿ ಹೆಂಗಸರನ್ನ ಮಾತ್ರ ಮಾತಾಡಿಸ್ತಾರಂತೆ. ಗಂಡಸರಿದ್ರೆ ಸರಿ ಹೋಗಲ್ಲ."

ಅಮ್ಮ ವಿಶಾಲಮ್ಮ ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಅದೆಂಥ ಮಾತೇ ಮಾರಾಯ್ತಿ! ಮನೆ ಯಜಮಾನ ಇರಬಾರ್ದು ಅಂತ ಯಾವ ಊರಲ್ಲಾದ್ರೂ ಹೇಳ್ತಾರಾ?"

ಅಪ್ಪ ಮಗಳ ಮುಖ ನೋಡಿದ. ಅವಳು ಕುರ್ಚಿಯ ಕಾಲು ನೋಡುತ್ತಿದ್ದಳು. ಆಮೇಲೆ ತನ್ನ ಕೈಗಳನ್ನು ತಿರುಗಿಸಿ ಒಂದು ಸಲ ನೋಡಿಕೊಂಡ, ಎಷ್ಟು ತಿಕ್ಕಿದರೂ ಗೆರೆಗಳಲ್ಲಿ ಕಪ್ಪು ಉಳಿದಿದ್ದ ಕೈಗಳನ್ನು. "ಇರಲಿ ಬಿಡೆ, ಓದಿದೋರ ಪದ್ಧತಿ ನಮಗೇನು ಗೊತ್ತು," ಎಂದು ಹೆಂಡತಿಗೆ ಹೇಳಿ ಮೆಟ್ಟು ಮೆಟ್ಟಿಕೊಂಡ. ಬಾಗಿಲಲ್ಲಿ ನಿಂತು, "ಅವರು ಹೋದ ಮೇಲೆ ಬರಬಹುದಲ್ವಾ?" ಎಂದು ಕೇಳಿದ. ಯಾರದೋ ಮನೆಗೆ ಬಂದವನು ಕೇಳಿದ ಹಾಗಿತ್ತು. ಹೂಂ ಎಂದಳು. ಅವನು ಬೀದಿಯ ತಿರುವು ದಾಟಿದ ಮೇಲೆ, ಊಟದ ಡಬ್ಬಿ ಒಯ್ಯಲಿಲ್ಲ, ಬೆವರು ಹೀರದ ಆ ಹೊಸ ಅಂಗಿಯಲ್ಲೇ ಕುಲುಮೆಯ ಮುಂದೆ ನಿಲ್ಲುತ್ತಾನೆ ಎಂಬುದು ಹೊಳೆಯಿತು. ರಜೆಯ ದಿನ ಮನೆಯಲ್ಲಿ ಸುರಕ್ಷಿತವಾಗಿ ಕೂತಿದ್ದವನನ್ನು ತಾನೇ ಬೆಂಕಿಗೆ ಕಳಿಸಿದೆ. ಇವತ್ತೇ ಅಲ್ಲಿ ಏನಾದರೂ ಆದರೆ? ಓಡಿಹೋಗಿ ಕರೆಯಬೇಕು ಅನ್ನಿಸಿತು. ಓಡಲಿಲ್ಲ. ಬದಲಿಗೆ ಗೋಡೆಯ ಮೇಲಿದ್ದ ಅಪ್ಪ ಅಮ್ಮನ ಮದುವೆಯ ಫೋಟೋ ತೆಗೆದು ಟ್ರಂಕಿನ ಹಿಂದಿಟ್ಟಳು. ಆ ಜಾಗದಲ್ಲಿ ಗೋಡೆ ಚೌಕವಾಗಿ ಬೆಳ್ಳಗೆ ಕಂಡಿತು. ಆಮೇಲೆ ತಿರುಗಿದರೆ ಅಮ್ಮ, ಹಣೆಯ ಮೇಲೆ ಕಾಸಗಲ ಕುಂಕುಮ ಇಟ್ಟುಕೊಂಡು, ಕೈತುಂಬ ಹಸಿರು ಬಳೆ ಹಾಕಿಕೊಂಡು ಬಂದವರ ಎದುರು ಚೆನ್ನಾಗಿ ಕಾಣಬೇಕೆಂದು ನಿಂತಿದ್ದಳು. ಫೋಟೋ ತೆಗೆಯಬಹುದು. ಇದನ್ನು? ಮಗಳ ಕೈ ಒಂದು ಗಳಿಗೆ ಆ ಹಣೆಯ ಕಡೆ ಎದ್ದಂತಾಯಿತೋ, ಬರೀ ಹಾಗನ್ನಿಸಿತೋ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಬಿಳಿ ಅಂಬಾಸಿಡರ್ ಕಾರು ಬೀದಿಯ ತುದಿಯಲ್ಲೇ ನಿಂತಿತು. ಮೋರಾಗ್ ಮೇಡಂ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದರು. ನರೆತ ಮೋಟು ಕೂದಲು, ಬಿಸಿಲಿಗೆ ಕೆಂಪಾದ ಮೂಗು, ಹತ್ತಿಯ ಸಲ್ವಾರು. ಅವರ ಹಿಂದೆ ಯಜ್ಞನಾರಾಯಣ ಸರ್. ಅಮ್ಮ ಕೈಮುಗಿದಳು. ಮೇಡಂ ಅಮ್ಮನ ಮುಖವನ್ನು ನೇರವಾಗಿ, ಕರುಣೆಯಿಂದ ನೋಡಿದರು, ಆ ಕುಂಕುಮ, ಬಳೆ ಅವರಿಗೆ ಏನನ್ನೂ ಹೇಳಲಿಲ್ಲ. ಸರ್ ಕಣ್ಣೆತ್ತಿದ್ದು ಒಂದೇ ಸಲ. ಅವರ ನೋಟ ಅಮ್ಮನ ಹಣೆಯ ಮೇಲೆ ನಿಂತು, ಕೊರಳಿನ ತಾಳಿಗೆ ಇಳಿದು, ಕಾಲುಂಗುರದವರೆಗೆ ಹೋಗಿ, ಅಲ್ಲಿಂದ ಎದ್ದು ಗೋಡೆಯ ಬೆಳ್ಳಗಿನ ಚೌಕಕ್ಕೆ ಬಂದು, ಕೊನೆಗೆ ಜಗದಾಂಬಾಳ ಮೇಲೆ ನೆಲೆಸಿತು. ಅವರು ಕುರ್ಚಿಯಲ್ಲಿ ಕೂತು ಪಂಚಪಾತ್ರೆ ಹಿಡಿದಷ್ಟು ಜೋಪಾನವಾಗಿ ಕಾಫಿ ಲೋಟ ಹಿಡಿದುಕೊಂಡರು. ಬೈದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು.

ಮೇಡಂ ಚಾಪೆಯ ಮೇಲೆ ಅಮ್ಮನ ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡು ಮಾತಾಡಿದರು. ಸರ್ ಭಾಷಾಂತರಿಸಬೇಕಾಗಿತ್ತು. "ನೀನೇ ಹೇಳಮ್ಮ," ಎಂದರು ಅವರು. "ಇಂಗ್ಲಿಷು ನಿನಗೆ ಚೆನ್ನಾಗಿ ಬರುತ್ತಲ್ಲ."

ಮೇಡಂ ಹೇಳಿದ್ದು ಇಷ್ಟು: ನಿಮ್ಮ ನಷ್ಟ ನನಗೆ ಅರ್ಥವಾಗುತ್ತದೆ. ನನ್ನ ತಂದೆಯೂ ಕೆಲಸದ ಜಾಗದಲ್ಲೇ ಹೋದರು. ನನ್ನ ತಾಯಿ ಒಬ್ಬಳೇ ನಮ್ಮನ್ನು ಬೆಳೆಸಿದಳು, ನಿಮ್ಮ ಹಾಗೆಯೇ.

"ಏನಂತೆ ಕಣೆ?" ಎಂದಳು ಅಮ್ಮ.

ಮುತ್ತೈದೆಯ ಕೈ ಹಿಡಿದು ಇಂಥ ಮಾತಾಡಿದ್ದಾರೆ ಎಂದು ಹೇಗೆ ಹೇಳುವುದು? ಮಗಳ ಬಾಯಿಂದ ಆ ಮಾತು ಕನ್ನಡದಲ್ಲಿ ಬಂದರೆ ಅಮ್ಮ ಅಲ್ಲೇ ಕುಸಿಯುತ್ತಾಳೆ. "ಅವರಪ್ಪ ಅವರು ಓದ್ತಿದ್ದಾಗಲೇ ತೀರ್ಕೊಂಡ್ರಂತೆ," ಎಂದಳು. "ಅವರಮ್ಮ ಒಬ್ಬರೇ ಸಾಕಿದ್ರಂತೆ."

"ಅಯ್ಯೋ ಶಿವನೇ," ಎಂದು ಅಮ್ಮ ತನ್ನ ಇನ್ನೊಂದು ಕೈಯನ್ನೂ ಮೇಡಂ ಕೈಯ ಮೇಲಿಟ್ಟಳು. "ಅಪ್ಪ ಇಲ್ಲದ ಮನೆ ಅಂದ್ರೆ ಸೂರಿಲ್ಲದ ಮನೆ ಕಣವ್ವ. ಎಷ್ಟು ಕಷ್ಟ ಪಟ್ರೋ ನಿಮ್ಮ ತಾಯಿ." ಮಾತು ತಿಳಿಯದಿದ್ದರೂ ದನಿ ತಿಳಿದು ಮೇಡಂ ಕಣ್ಣು ತುಂಬಿಕೊಂಡರು. ಅದನ್ನು ಕಂಡು ಅಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತ ಕೂತಿದ್ದರು, ದುಃಖ ಎದುರಿನವರದೆಂದುಕೊಂಡು. ದೂರದಲ್ಲೆಲ್ಲೋ ಒಂದು ಸೈರನ್ ಕೂಗಿತು. ಊಟದ ಬಿಡುವು ಮುಗಿದದ್ದಿರಬೇಕು. ಅಲ್ಲದಿದ್ದರೆ? ಜಗದಾಂಬಾ ಕಿವಿಗೊಟ್ಟು ಅದು ನಿಲ್ಲುವುದನ್ನೇ ಕಾದಳು.

"ಇವಳಪ್ಪನ್ನೂ ತೋರಿಸಬೇಕಿತ್ತು," ಅಮ್ಮ ಈಗ ಸರ್ ಕಡೆ ತಿರುಗಿದಳು. "ಈಗ ಹೋದ್ರು ಸಾರ್ ಫೌಂಡ್ರಿಗೆ. ಅಷ್ಟು ಆಸೆಯಿಂದ ಕಾಯ್ತಾ ಇದ್ರು. ಹೆಂಗಸರೇ ಇರಬೇಕು ಅಂತ ಇವಳೇ ಕಳಿಸಿಬಿಟ್ಲು."

"ಹೌದಾ ತಾಯಿ," ಎಂದರು ಸರ್. ಆಮೇಲೆ ಮೆಲ್ಲಗೆ, ಪಾಠದಲ್ಲಿ ಮುಂದಿನ ಹೆಜ್ಜೆ ಕೇಳುವಂತೆ, "ಇದನ್ನೂ ಹೇಳಮ್ಮ ಮೇಡಮ್ಮಿಗೆ" ಎಂದರು.

ಮೇಡಂ ಅವಳತ್ತ ನೋಡಿದರು. ಉಪ್ಪಿಟ್ಟು ಇನ್ನೂ ಸ್ವಲ್ಪ ಹಾಕಿಕೊಳ್ಳಬೇಕಂತೆ ಎಂದು ಜಗದಾಂಬಾ ಇಂಗ್ಲಿಷಿನಲ್ಲಿ ಹೇಳಿದಳು. ಸರ್ ತಿದ್ದಲಿಲ್ಲ. ಕಾಫಿಯ ತಳ ನೋಡಿದರು. ಅವರು ತಿದ್ದದೆ ಬಿಟ್ಟದ್ದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ಇನ್ನು ಮುಂದೆ ಪ್ರತಿ ದಿನ, ವರಾಂಡದಲ್ಲಿ, ಲ್ಯಾಬಿನಲ್ಲಿ, ಪರೀಕ್ಷೆಯ ಕೋಣೆಯಲ್ಲಿ ಈ ಮನುಷ್ಯ ತನ್ನನ್ನು ಹೀಗೇ ತಿದ್ದದೆ ನೋಡುತ್ತಾರೆ.

ಹೊರಡುವ ಹೊತ್ತಾಯಿತು. ಅಮ್ಮ ತಟ್ಟೆಯಲ್ಲಿ ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟುಕೊಂಡು, ಕುಂಕುಮದ ಬಟ್ಟಲು ಹಿಡಿದು ಬಂದವಳು ಬೆರಳನ್ನು ಕುಂಕುಮಕ್ಕೆ ಅದ್ದುವ ಮೊದಲು ತಡೆದಳು. "ಇವರಿಗೆ ಗಂಡ ಇದಾರಾ ಕೇಳೆ. ಇಡಬಹುದಲ್ವಾ?"

ಕೇಳಿದಳು. ಮೇಡಂ ನಕ್ಕರು. ಇದ್ದಾನೆ, ಮನೆಯಲ್ಲಿ ನಾಯಿ ನೋಡಿಕೊಂಡಿದ್ದಾನೆ, ಯಾಕೆ? ಈ ಕೆಂಪು ಇಡಲು, ಎಂದಳು ಜಗದಾಂಬಾ. ಗಂಡ ಬದುಕಿರುವವರಿಗೆ ಮಾತ್ರ ಇಡುವುದು. ಹೇಳಿ ಮುಗಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಗೊತ್ತಾಯಿತು. ಮೇಡಂ ಬಟ್ಟಲು ನೋಡಿದರು. ಆಮೇಲೆ ಅಮ್ಮನ ಹಣೆ ನೋಡಿದರು. ತುಟಿಯ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಲಸ ಶುರುಮಾಡಿತು. ಪರೀಕ್ಷೆಗೆ ತಂದ ಲೋಹದ ತುಂಡನ್ನು ನೋಡುವ ಕಣ್ಣು ಅದು. ಅವರು ಪ್ರಶ್ನೆ ಕೇಳುವವರೆಗೆ ಅವಳಿಗೆ ಕಾಯಲಾಗಲಿಲ್ಲ.

"ಮೈ ಫಾದರ್ ಈಸ್ ಅಲೈವ್, ಮೇಡಂ."

ಮಿಕ್ಕಿದ್ದು ತಾನಾಗಿ ಬಂತು. ಫೋನಿನಲ್ಲಿ ಕೇಳಿಸಿದ್ದು, ಪಾಸಾದರೇ ಎಂದು ಕೇಳಿದಿರೆಂದುಕೊಂಡದ್ದು, ಅವರು ಫೇಲಾಗಿದ್ದದ್ದು, ತನಗೆ ನಾಚಿಕೆಯಾದದ್ದು. ವ್ಯಾಕರಣ ಎಲ್ಲೆಲ್ಲೋ ಮುರಿದುಬಿತ್ತು. ಅಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, ಮಗಳು ಇಷ್ಟು ಇಂಗ್ಲಿಷು ಮಾತಾಡುತ್ತಿದ್ದಾಳಲ್ಲ ಎಂದು ಹೆಮ್ಮೆಯಿಂದ ಬಟ್ಟಲು ಹಿಡಿದೇ ನಿಂತಿದ್ದಳು. ಮೇಡಂ ನಗಬಹುದೆಂದು ಒಂದು ಆಸೆಯಿತ್ತು. ಅವರು ನಗಲಿಲ್ಲ. "ನಾವು ಹೀಗೆ ತಿಳಿದಿದ್ದೇವೆ ಅಂತ ಇವತ್ತು ಬೆಳಿಗ್ಗೆ ನಿನಗೆ ಗೊತ್ತಾಗಿತ್ತಾ?" ಎಂದಷ್ಟೇ ಕೇಳಿದರು.

"ಗೊತ್ತಾಗಿತ್ತು."

ಮೇಡಂ ತಲೆಯಾಡಿಸಿದರು. ಇದನ್ನು ನಾನು ಸಮಿತಿಗೆ ತಿಳಿಸಲೇಬೇಕು, ಇನ್ನೊಬ್ಬ ಹುಡುಗಿಯೂ ಇದ್ದಾಳಲ್ಲ, ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಬಗ್ಗಿ ಅಮ್ಮನಿಂದ ಕುಂಕುಮ ಇಡಿಸಿಕೊಂಡರು. ಆ ಬೇಸಿಗೆಯಲ್ಲಿ ಗ್ಲಾಸ್ಗೋಗೆ ಹೋದವಳು ಅಮೂಲ್ಯಾ. ಮೋರಾಗ್ ಮೇಡಂ ಮಾತ್ರ ಯಾರ ಒಪ್ಪಿಗೆಯನ್ನೂ ಕೇಳದೆ ಜಗದಾಂಬಾಳಿಗೂ ಒಂದು ವರ್ಷ ಓದಿನ ವಿಷಯ ಬರೆಯುತ್ತಲೇ ಇದ್ದರು. ಆದರೆ ಅದೆಲ್ಲ ಆಮೇಲಿನ ಮಾತು. ಈಗ ಅವರು ಚಪ್ಪಲಿ ಮೆಟ್ಟುತ್ತ, ನಿನ್ನ ತಂದೆಯನ್ನು ನೋಡಬೇಕಲ್ಲ, ಎಲ್ಲಿದ್ದಾರೆ, ಎಂದರು.

ಕಾರು ಫೌಂಡ್ರಿಯ ಗೇಟಿನ ಮುಂದೆ ನಿಂತಾಗ ಕಾವಲಿನ ಶಿವಯೋಗಪ್ಪ ಎದ್ದು ಬಂದ. ಅಪ್ಪ ಎಲ್ಲಿ ಎಂದು ಜಗದಾಂಬಾ ಕೇಳಿದಳು. "ಮೂರ್ತಪ್ಪನಾ? ಬಂದಿಲ್ವಲ್ಲ. ಇವತ್ತು ರಜ ಹಾಕಿದಾರೆ, ಮಗಳ ಮೇಡಂ ಬರ್ತಾರೆ ಅಂತ ವಾರದಿಂದ ಹೇಳಿದ್ದೇ ಹೇಳಿದ್ದು."

"ಕೆಲಸಕ್ಕೆ ಅಂತ ಮನೆಯಿಂದ ಬಂದ್ರು," ಎಂದಳು.

"ಇಲ್ಲಿಗೆ ಬಂದಿಲ್ಲ ಕಣಮ್ಮ."

ಬೆಂಕಿಯಲ್ಲಿ ಅಪ್ಪ ಇಲ್ಲ ಎಂಬ ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಇತ್ತು. ಹಾಗಾದರೆ ಎಲ್ಲಿ? ಕಾರು ಹಿಂದಿರುಗಿತು. ಅವಳು ಮುಂದಿನ ಸೀಟಿನಲ್ಲಿ ಕೂತು ಟೀ ಅಂಗಡಿಗಳನ್ನು, ಸೈಕಲ್ ಶಾಪುಗಳನ್ನು, ಆಲದ ಕಟ್ಟೆಯನ್ನು ಹುಡುಕಿದಳು. ತಿಳಿನೀಲಿ ಅಂಗಿ ಎಲ್ಲೆಲ್ಲೂ ಇತ್ತು, ಒಂದರಲ್ಲೂ ಅಪ್ಪ ಇರಲಿಲ್ಲ. ಮನೆಯಿಂದ ಹೊರಗೆ ಹಾಕಿಸಿಕೊಂಡ ಗಂಡಸು ಹಗಲು ಹೊತ್ತು ಎಲ್ಲಿಗೆ ಹೋಗುತ್ತಾನೆ? ಅವನ ಮುಖ ಆಗ ಹೇಗಿತ್ತು? ಅವಳು ಕುರ್ಚಿಯ ಕಾಲು ನೋಡುತ್ತಿದ್ದಳು, ಮುಖ ನೋಡಿರಲಿಲ್ಲ. ಹೋಗುವಾಗ ಬರಿದಾಗಿದ್ದ ಭದ್ರೆಯ ಸೇತುವೆ ಮತ್ತೆ ಬಂತು. ಸೇತುವೆಯ ನಡುವೆ ಜನ ಗುಂಪುಗೂಡಿ ಕಟಕಟೆಗೆ ಎದೆಯೊತ್ತಿ ಕೆಳಗೆ ನೋಡುತ್ತಿದ್ದರು. ಯಾರೋ ಕೂಗುತ್ತಿದ್ದರು. ಒಬ್ಬ ಹಗ್ಗ ಹಿಡಿದು ಓಡಿದ. ಜಗದಾಂಬಾಳಿಗೆ ಕಾರಿನ ಸದ್ದು ಕೇಳಿಸದಾಯಿತು. ಕಿವಿಯೊಳಗೆ ಅವಳದೇ ತೆಳ್ಳನೆಯ ದನಿ ಒಂದು ಗಳಿಗೆ ತಡೆದು ವಾಪಸು ಬಂದಿತು. ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಇಳಿದು, ಜನರ ಬೆನ್ನುಗಳನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು. ಕೆಳಗೆ, ನೀರು ಇಳಿದ ಜಾಗದಲ್ಲಿ, ಒಂದು ಎಮ್ಮೆ ಹೊಟ್ಟೆಯವರೆಗೆ ಕೆಸರಿನಲ್ಲಿ ಹೂತುಕೊಂಡು ಕತ್ತೆತ್ತಿ ಒದರುತ್ತಿತ್ತು.

"ಬಾಲ ಎಳೀಬೇಡ್ರೋ, ಹೊಟ್ಟೆ ಕೆಳಗೆ ಹಗ್ಗ ಹಾಕಿ!" ಎಂದು ಅವಳ ಪಕ್ಕದಲ್ಲೇ ಒಬ್ಬ ಕೂಗಿದ. ಅಪ್ಪ. ಕಟಕಟೆಯ ಧೂಳು ಅಂಗಿಯ ಎದೆಗೆ ಅಡ್ಡಡ್ಡ ಮೆತ್ತಿಕೊಂಡಿತ್ತು.

ಅವಳು ಅವನ ತೋಳು ಹಿಡಿದಳು. ತೋಳು ಬೆಚ್ಚಗಿತ್ತು. ಅವನು ತಿರುಗಿ ಅವಳನ್ನು ಕಂಡು, ಅವಳ ಹಿಂದೆ ಕಾರಿನಿಂದ ಇಳಿಯುತ್ತಿದ್ದ ಮೇಡಮ್ಮನ್ನು ಕಂಡು, ತೋಳು ಬಿಡಿಸಿಕೊಳ್ಳಲು ನೋಡಿದ. "ಹೋಗವ್ವಾ, ಹೋಗು, ನಾನು ಇಲ್ಲೇನೋ ನೋಡ್ತಾ ನಿಂತಿದ್ದೆ ಅಷ್ಟೇ. ಫೌಂಡ್ರಿಗೆ ಹೋಗ್ತೀನಿ ಈಗ," ಎಂದ ಗಾಬರಿಯಿಂದ. ಮೇಡಂ ಹತ್ತಿರ ಬಂದು ಕೈ ಚಾಚಿದರು. 'ವೆಲ್ಕಂ ಮೇಡಂ' ಎಂಬುದು ಅಪ್ಪನ ಬಾಯಿಗೆ ಬರಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿ ಕೊಟ್ಟ. ಮೇಡಂ ಆ ಕೈಯನ್ನು ಬಹಳ ಹೊತ್ತು ಬಿಡದೆ ಏನೋ ಹೇಳಿದರು. "ನಿಮ್ಮನ್ನ ನೋಡಿ ತುಂಬಾ ಸಂತೋಷ ಆಯ್ತಂತೆ," ಎಂದಳು. "ನನ್ನನ್ನ ನೋಡೋಕೇನಿದೆ?" ಎಂದು ಅಪ್ಪ ನಾಚಿಕೊಂಡ. ಹೊರಡುವಾಗ ಯಜ್ಞನಾರಾಯಣ ಸರ್ ಅಪ್ಪನಿಗೆ ಕೈಮುಗಿದು, ಅವಳ ಕಡೆ ತಿರುಗದೆಯೇ, "ನಾಳೆ ಬಂದು ನನ್ನನ್ನ ಕಾಣು" ಎಂದರು.

ಕಾರು ಹೋದ ಮೇಲೆ ಇಬ್ಬರೂ ಸೇತುವೆಯ ಮೇಲೇ ನಿಂತರು. ಎಮ್ಮೆಯನ್ನು ಎಳೆದು ದಡಕ್ಕೆ ಹಾಕಿದ್ದರು, ಜನ ಕರಗುತ್ತಿದ್ದರು. ಹೇಳದೆ ಇದ್ದರೂ ನಡೆಯುತ್ತಿತ್ತು. ಅಮ್ಮನಿಗೆ ತಿಳಿದಿರಲಿಲ್ಲ, ಅಪ್ಪನಿಗೆ ತಿಳಿಯಬೇಕಾಗಿರಲಿಲ್ಲ. ಆದರೆ ಬಾಯಲ್ಲಿ ಇಟ್ಟುಕೊಂಡರೆ ಅದು ಮತ್ತೆ ಬೆಳೆಯುತ್ತದೆ ಎಂಬ ಹೆದರಿಕೆಗೆ ಅವಳು ಎಲ್ಲ ಹೇಳಿದಳು. ಫೋನು, ತಂತಿ, ಮಾತು, ಅವರು ತಿಳಿದದ್ದು, ತಾನು ಬೆಳಿಗ್ಗೆ ತಲೆ ತಗ್ಗಿಸಿದ್ದು. "ಅವರೆಲ್ಲ ನೀನು ಸತ್ತೋಗಿದೀಯ ಅಂದ್ಕೊಂಡಿದ್ರು ಅಪ್ಪ."

ಅಪ್ಪ ಹೊಳೆಯನ್ನೇ ನೋಡುತ್ತಿದ್ದ. ಆಮೇಲೆ ಮೂಗಿನಲ್ಲೇ ನಕ್ಕ. "ಹೋಗ್ಲಿ ಬಿಡವ್ವಾ. ಸತ್ತ ಅಂತ ಸುಳ್ಳು ಸುದ್ದಿ ಹುಟ್ಟಿದ್ರೆ ಆಯಸ್ಸು ಜಾಸ್ತಿ ಅಂತಾರೆ. ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡ."

ಅವಳಿಗೆ ಅಳು ಬಂತು. ಅವನು ತಲೆ ಸವರಲಿಲ್ಲ. ಎದೆಯ ಧೂಳು ಕೊಡವಿಕೊಂಡ, ಅದು ಹೋಗಲಿಲ್ಲ. ಇನ್ನೂ ಏನೋ ಲೆಕ್ಕ ಹಾಕುತ್ತಿರುವವನಂತೆ ಕೇಳಿದ.

"ಆದ್ರೆ ಪಾಸಾಗಿದೀನಿ ಅಂತ ಯಾಕೆ ಅಂದೆ?"

ಅವಳು ಕಣ್ಣೊರೆಸಿಕೊಂಡಳು.

"ಸತ್ತ ಅನ್ನೋದು ಅವರ ತಪ್ಪು ತಿಳುವಳಿಕೆ, ಅದು ಬಿಡು. ಪಾಸು ಅಂತ ನೀನು ಅಂದ್ಯಲ್ಲ. ಫೇಲು ಅಂತ ನಾನೇ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತೀನಿ. ನಿಂಗೆ ಅದು ಅಷ್ಟೊಂದು..." ಅಲ್ಲಿಗೆ ನಿಲ್ಲಿಸಿದ. ಸಿಟ್ಟಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು. ಬಿಸಿಲು ನೋಡಿ, "ಸಂಜೆವರೆಗೆ ಇನ್ನೂ ಹೊತ್ತಿದೆ, ಹೋಗಿ ಬರ್ತೀನಿ. ಸುಮ್ಮನೆ ರಜ ಯಾಕೆ ಹಾಳು" ಎಂದು ಹೆಗಲು ಬಗ್ಗಿಸಿ ಹೊರಟ.

ಮನೆಗೆ ಹೋಗು ಎಂದು ಅವನು ಹೇಳಲಿಲ್ಲ. ಅವಳು ಹೋಗಲೂ ಇಲ್ಲ. ಅವನಿಗೆ ಕಾಣದಷ್ಟು ದೂರ ಬಿಟ್ಟು ಹಿಂದೆಯೇ ನಡೆದಳು. ಒಂದು ಸಲವೂ ಅವನು ತಿರುಗಲಿಲ್ಲ. ಲಾರಿ ಬಂದಾಗಲೆಲ್ಲ ಅವಳೂ ನಿಂತು, ಲಾರಿ ದಾಟಿ ನೀಲಿ ಅಂಗಿ ಮತ್ತೆ ಕಂಡಾಗ ನಡೆಯತೊಡಗುತ್ತಿದ್ದಳು. ಗೇಟಿನಲ್ಲಿ ಶಿವಯೋಗಪ್ಪ ಏನೋ ತಮಾಷೆ ಮಾಡಿರಬೇಕು, ಅಪ್ಪ ಕೈಯಾಡಿಸಿ ಒಳಗೆ ಹೋದ. ಅವಳು ರಸ್ತೆಯ ಈಚೆಯ ಹೊಂಗೆ ಮರದ ಕೆಳಗೆ, ಕಾಂಪೌಂಡಿನ ಮೇಲಿಂದ ಕುಲುಮೆಯ ಹೊಗೆ ಏಳುವುದು ಕಾಣುವ ಜಾಗದಲ್ಲಿ ನಿಂತುಕೊಂಡಳು. ಕಬ್ಬಿಣ ಹುಯ್ಯುವಾಗ ಒಳಗಿನಿಂದ ಒಂದು ಕೂಗು ಕೇಳುತ್ತದೆ, ಎಲ್ಲರೂ ದೂರ ಸರಿಯಲಿ ಎಂದು. ಆ ಕೂಗು ಕೇಳಿದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಂಡು, ಅದು ಮುಗಿದು ಸುತ್ತಿಗೆಯ ಸದ್ದು ಮತ್ತೆ ಶುರುವಾಗುವವರೆಗೆ ಉಸಿರು ಹಿಡಿಯುತ್ತಿದ್ದಳು. ಅಪ್ಪ ಕೇಳಿದ್ದಕ್ಕೆ ಅವನು ಹೊರಗೆ ಬಂದ ಕೂಡಲೇ ಉತ್ತರ ಹೇಳಬೇಕು. ಉತ್ತರ ಅವಳಿಗೆ ಗೊತ್ತಿತ್ತು, ಎರಡೇ ಮಾತಿನದು: ನಾಚಿಕೆ ಆಯ್ತು. ಅದನ್ನು ಕೇಳಿದ ಮೇಲೆ ಅಪ್ಪನ ಮುಖ ಹೇಗಾಗುತ್ತದೆ ಎಂದು ನೋಡಲು ಈ ಸಲ ಅವಳು ತಲೆ ತಗ್ಗಿಸುವಂತಿರಲಿಲ್ಲ. ಸಂಜೆಯ ಸೈರನ್ ಆಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.